ಹಿಂದೆ ಲೈಟು ಉರಿಯುತ್ತಿದೆ, ನೆಟ್ ಮಾತ್ರ ಇಲ್ಲ. ಅಪ್ಪನ ಕಂಪ್ಯೂಟರ್‌ಗೆ ಏನಾಗಿದೆ?

ಡೊಂಬಿವಲಿ_ಈಸ್ಟ್ · ಶುಕ್ರವಾರ ರಾತ್ರಿ 10:20

ನಮಸ್ಕಾರ. ಅಪ್ಪನ ಕಂಪ್ಯೂಟರ್ ಜೊತೆ ನಾಲ್ಕು ದಿನದಿಂದ ಗುದ್ದಾಡುತ್ತಿದ್ದೇನೆ. ಮನೆಯಲ್ಲಿ ಫೋನ್‌ಗಳಿಗೆ ನೆಟ್ ಬರುತ್ತದೆ, ಟಿವಿಗೂ ಬರುತ್ತದೆ, ಅಪ್ಪನ ಡೆಸ್ಕ್‌ಟಾಪ್‌ಗೆ ಮಾತ್ರ ಇಲ್ಲ.

ಹಿಂದಿನ ಕಥೆ ಹೇಳಿಬಿಡುತ್ತೇನೆ. ಮೊದಲು ನಮ್ಮ ಬಿಲ್ಡಿಂಗ್‌ಗೆ ಒಬ್ಬ ಲೋಕಲ್ ಕೇಬಲ್‌ವಾಲಾ ನೆಟ್ ಕೊಡುತ್ತಿದ್ದ. ಟೆರೇಸ್ ಮೇಲೆ ಅವನದೊಂದು ಡಬ್ಬ, ಅಲ್ಲಿಂದ ಡಕ್ಟ್‌ನಲ್ಲಿ ಇಳಿದ ತಾರು ಸೀದಾ ಅಪ್ಪನ ಕಂಪ್ಯೂಟರ್‌ಗೆ. ಆಗ ಮನೆಯಲ್ಲಿ ವೈಫೈ ಇರಲಿಲ್ಲ. ಅವನು ನಮ್ಮ ಏರಿಯಾದಲ್ಲಿ ಧಂದೆ ಮುಚ್ಚಿ ಹೋದ ಮೇಲೆ ಬೇರೆಯವರ ಫೈಬರ್ ಹಾಕಿಸಿದೆವು. ಅಪ್ಪ ಆಗ ಕುಂದಾಪುರದಲ್ಲಿದ್ದರು, ನಾನು ಆಫೀಸಿನಲ್ಲಿ. ಅಮ್ಮ ನಿಂತು ಮಾಡಿಸಿದರು. ಹಾಲ್‌ನಲ್ಲಿ ರೂಟರ್ ಕೂರಿಸಿ ಹೋಗಿದ್ದಾರೆ. ಕಂಪ್ಯೂಟರ್ ಒಳಗಿನ ಕೋಣೆಯಲ್ಲಿದೆ, ಅದಕ್ಕೆ ವೈಫೈ ಇಲ್ಲ, ತಾರೇ ಗತಿ.

ಈಗ ಅಪ್ಪ ವಾಪಸ್ ಬಂದಿದ್ದಾರೆ. 72 ವರ್ಷ. ಸಂಘದ ಪತ್ರಿಕೆಗೆ ಒಂದು ಲೇಖನ ಬರೆದಿಟ್ಟಿದ್ದಾರೆ, ಸೋಮವಾರದೊಳಗೆ ಮೇಲ್ ಮಾಡಬೇಕು. ಫೋನ್‌ನಲ್ಲೇ ಟೈಪ್ ಮಾಡಿ ಅಪ್ಪಾ ಅಂದರೆ "ಅದು ಬರೆಯೋದಲ್ಲ, ಕುಟ್ಟೋದು" ಅನ್ನುತ್ತಾರೆ.

ವಿಂಡೋಸ್ 10. ಹಿಂದೆ ತಾರು ಸಿಕ್ಕಿಸುವ ಕಡೆ ಹಸಿರು ಲೈಟು ಉರಿಯುತ್ತದೆ, ಪಕ್ಕದ ಕಿತ್ತಳೆ ಲೈಟು ಆಗಾಗ ಮಿನುಗುತ್ತದೆ. ಅಂದ್ರೆ ತಾರು ಸರಿ ಇದೆ ಅಂತ ತಾನೇ? ಸ್ಕ್ರೀನ್‌ನ ಮೂಲೆಯಲ್ಲಿ ಮಾತ್ರ "ನೋ ಇಂಟರ್ನೆಟ್". ಎಲ್ಲಾ ಆರಿಸಿ ಹಾಕಿದ್ದಾಯ್ತು. ಗೊತ್ತಿದ್ದವರು ದಾರಿ ತೋರಿಸಿ.

ಮೀರಾರೋಡ್_ಶೆಟ್ರು · 10:31

ಫಾರ್ಮ್ಯಾಟ್ ಹೊಡೀರಿ ಮಾರಾಯ್ರೇ. ಒಂದು ಗಂಟೆ ಕೆಲಸ. ನಮ್ಮ ಮನೆಯಲ್ಲಿ ಹಾಗೇ ಸರಿ ಆಯ್ತು.

ಗ್ರಾಂಟ್‌ರೋಡ್_ರಿಪೇರಿ · 10:48

ಶೆಟ್ರೇ, ತಲೆನೋವಿಗೆ ತಲೆ ತೆಗೆದ ಹಾಗಾಯ್ತು ನಿಮ್ಮದು. ಆ ಮೆಷಿನ್‌ನಲ್ಲಿ ಅವರ ತಂದೆಯ ಎಷ್ಟು ವರ್ಷದ ಬರಹ ಇದೆಯೋ. ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೇ ಫೈಲು ಒಂದು ಸಲ ಹೋದರೆ ಹೋಯ್ತು. ಡೊಂಬಿವಲಿಯವರೇ, ಫಾರ್ಮ್ಯಾಟ್ ಮಾತಿಗೆ ಕಿವಿ ಕೊಡಬೇಡಿ. ಮೊದಲು ಒಂದು ಪೆನ್‌ಡ್ರೈವ್ ಸಿಕ್ಕಿಸಿ ಅಪ್ಪನ ಫೈಲುಗಳನ್ನ ಕಾಪಿ ಮಾಡಿಟ್ಟುಕೊಳ್ಳಿ. ಇದಕ್ಕೆ ನೆಟ್ ಬೇಕಾಗಿಲ್ಲ ಅಲ್ವಾ.

ನಾನು ಲ್ಯಾಮಿಂಗ್ಟನ್ ರೋಡ್‌ನಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು. (ಬೋರ್ಡ್ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಅಂತಿದೆ, ಹಾಗೆ ಹೇಳಿದರೆ ಟ್ಯಾಕ್ಸಿಯವನೂ ಮುಖ ನೋಡುತ್ತಾನೆ.) ನೆಟ್ ಬರಲ್ಲ ಅಂತ ಹೊತ್ತು ತಂದ ಮೆಷಿನ್‌ಗಳಲ್ಲಿ ಮುಕ್ಕಾಲು ಪಾಲು ಮೆಷಿನ್ ಸರಿಯಾಗೇ ಇರುತ್ತಿತ್ತು. ತೊಂದರೆ ಮನೆಯಲ್ಲಿ ಉಳಿದಿರುತ್ತಿತ್ತು.

ಎರಡು ಪ್ರಶ್ನೆ. ಒಂದು, ಫೋನ್‌ಗೆ ಬರುತ್ತದೆ ಅಂದಿರಿ. ಫೋನ್‌ನ ಮೊಬೈಲ್ ಡೇಟಾ ಆರಿಸಿ, ಬರೀ ವೈಫೈನಲ್ಲಿ ನೋಡಿದಿರಾ? ಎರಡು, ಕಂಪ್ಯೂಟರ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಟೈಪ್ ಮಾಡಿ, ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಐಪಿಕಾನ್ಫಿಗ್ ಅಂತ ಹೊಡೆದು, ಐಪಿ (ಕಂಪ್ಯೂಟರ್‌ನ ವಿಳಾಸದ ನಂಬರ್), ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನ ನಂಬರ್) ಏನು ಬರುತ್ತದೋ ಇಲ್ಲಿ ಹಾಕಿ. ಅಷ್ಟು ಮಾಡುವವರೆಗೆ ಬೇರೆ ಏನನ್ನೂ ಮುಟ್ಟಬೇಡಿ.

ಪುಣೆ_ಅಕ್ಕ · 11:05

ಹೊಸ ಕನೆಕ್ಷನ್ ಅಂದಿರಿ, ಅದಕ್ಕೇ ಹೇಳ್ತೀನಿ. ಮ್ಯಾಕ್ ಬೈಂಡಿಂಗ್ ಇರಬಹುದಾ ನೋಡಿ. ಮ್ಯಾಕ್ ಅಂದ್ರೆ ಯಂತ್ರದ ಗುರುತಿನ ನಂಬರ್. ನಮ್ಮ ಕೋಥ್ರೂಡ್ ಮನೆಯಲ್ಲಿ ಹಳೇ ರೂಟರ್ ಸುಟ್ಟು ಹೋಯ್ತು ಅಂತ ತಪಕೀರ್ ಗಲ್ಲಿಯಿಂದ ಹೊಸದು ತಂದೆವು. ಎಲ್ಲಾ ಲೈಟೂ ಉರೀತಿತ್ತು, ನೆಟ್ ಇಲ್ಲ. ಆಮೇಲೆ ಗೊತ್ತಾಯ್ತು, ಆ ಆಪರೇಟರ್ ಹಳೇ ರೂಟರ್‌ನ ಮ್ಯಾಕ್ ನಂಬರನ್ನ ತನ್ನ ಕಡೆ ಬರೆದಿಟ್ಟುಕೊಂಡಿದ್ದ, ಬೇರೆ ನಂಬರ್ ಬಂದರೆ ಒಳಗೆ ಬಿಡ್ತಿರಲಿಲ್ಲ. ಫೋನ್ ಮಾಡಿ ಹೊಸ ನಂಬರ್ ಕೊಟ್ಟೆ, ಐದು ನಿಮಿಷದಲ್ಲಿ ಬಂತು. ಆ ಐದು ನಿಮಿಷಕ್ಕೆ ಮೂರು ದಿನ ಕಾದಿದ್ದೆ.

ಗ್ರಾಂಟ್‌ರೋಡ್_ರಿಪೇರಿ · 11:12

ಅಕ್ಕ, ನಿಮ್ಮ ಮಾತು ಸರಿ, ಆದ್ರೆ ಅದು ರೂಟರ್‌ನಿಂದ ಆಚೆಯ ತೊಂದರೆ. ಇವರ ರೂಟರ್‌ಗೆ ನೆಟ್ ಬಂದು ಫೋನ್‌ವರೆಗೆ ಹೋಗುತ್ತಿದೆ ಅಂದ್ರೆ ಆಚೆ ಕಡೆಯವರು ಪಾಸ್. ನಾವು ಹುಡುಕಬೇಕಾದ್ದು ರೂಟರ್‌ನಿಂದ ಈಚೆ, ಹಾಲ್‌ನಿಂದ ಒಳಗಿನ ಕೋಣೆವರೆಗೆ.

ಡೊಂಬಿವಲಿ_ಈಸ್ಟ್ · ಶನಿವಾರ ಬೆಳಿಗ್ಗೆ 8:15

ಫೈಲುಗಳ ಕಾಪಿ ಆಯ್ತು, ಥ್ಯಾಂಕ್ಸ್ ಸರ್. ಅಪ್ಪ ಪಕ್ಕದಲ್ಲೇ ಕೂತು ಒಂದೊಂದನ್ನೂ ತೆರೆದು ನೋಡಿದ ಮೇಲೆ ಎದ್ದರು.

ಮೊಬೈಲ್ ಡೇಟಾ ಆರಿಸಿ ನೋಡಿದೆ, ವೈಫೈ ಚೆನ್ನಾಗಿದೆ. ಐಪಿಕಾನ್ಫಿಗ್‌ನಲ್ಲಿ ಬಂದದ್ದು: ಐಪಿ 10.20.4.37, ಗೇಟ್‌ವೇ 10.20.4.1.

ಇನ್ನೊಂದು ವಿಷಯ. ಯೂಟ್ಯೂಬ್ ನೋಡಿ ಪಿಂಗ್ 8.8.8.8 ಹೊಡೆದೆ, ಗೂಗಲ್‌ನ ಸರ್ವರ್‌ವರೆಗೆ ದಾರಿ ಇದೆಯಾ ಅಂತ ಕೂಗಿ ನೋಡೋದಂತೆ. ನಾಲ್ಕಕ್ಕೆ ನಾಲ್ಕೂ ರಿಪ್ಲೈ ಬಂತು! ಕೊನೆಗೆ "ಲಾಸ್ಟ್ 0" ಅಂತ ಇದೆ. ಅಂದ್ರೆ ನೆಟ್ ಇದೆ, ಬ್ರೌಸರ್ ಕೆಟ್ಟಿದೆ ಅಂತ ಅಲ್ವಾ?

ಗ್ರಾಂಟ್‌ರೋಡ್_ರಿಪೇರಿ · 8:40

ಆ ರಿಪ್ಲೈ ಸಾಲನ್ನ ಪೂರ್ತಿ ಓದಿ. ಯಾರಿಂದ ಬಂದಿದೆ? ಅದರ ಮುಂದೆ ಏನು ಬರೆದಿದೆ?

ಡೊಂಬಿವಲಿ_ಈಸ್ಟ್ · 8:46

"ರಿಪ್ಲೈ ಫ್ರಂ 10.20.4.37, ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್."

ಅಯ್ಯೋ. ಅದು ನಮ್ಮದೇ ನಂಬರ್.

ಗ್ರಾಂಟ್‌ರೋಡ್_ರಿಪೇರಿ · 9:10

ಹಾಂ. ಕಂಪ್ಯೂಟರ್ ತನಗೆ ತಾನೇ "ದಾರಿ ಸಿಗ್ತಿಲ್ಲ" ಅಂತ ಹೇಳಿಕೊಳ್ಳುತ್ತಿದೆ. ವಿಂಡೋಸ್ ಅದನ್ನೂ ಉತ್ತರ ಬಂತು ಅಂತಲೇ ಲೆಕ್ಕ ಹಾಕಿ ಕೆಳಗೆ ಲಾಸ್ಟ್ ಸೊನ್ನೆ ಅಂತ ಬರೆಯುತ್ತದೆ. ಕಲಿತ ಹುಡುಗರೇ ಇದರಲ್ಲಿ ಮೋಸ ಹೋಗೋದನ್ನ ನೋಡಿದ್ದೇನೆ. ನಿಜವಾಗಿ ನೆಟ್ ಇದ್ದರೆ "ರಿಪ್ಲೈ ಫ್ರಂ 8.8.8.8" ಅಂತ ಇರುತ್ತದೆ, ಮುಂದೆ ಎಷ್ಟು ಮಿಲಿಸೆಕೆಂಡ್ ಅಂತ ಇರುತ್ತದೆ.

ಈಗ ಆ 10.20 ನಂಬರ್‌ಗೆ ಬರೋಣ. ಮುಂಬೈಯ ಲೋಕಲ್ ಕೇಬಲ್‌ವಾಲಾಗಳು ತುಂಬಾ ಜನ ಹೀಗೇ ಮಾಡುತ್ತಿದ್ದರು, ಮನೆಗೊಂದು ನಂಬರ್ ಕೊಟ್ಟು ಅದನ್ನ ಕೈಯಿಂದಲೇ ಕಂಪ್ಯೂಟರ್‌ನಲ್ಲಿ ತುಂಬಿಸಿ ಹೋಗೋದು. ನಿಮ್ಮ ಹಳೇ ಮನುಷ್ಯ ತುಂಬಿಸಿದ್ದು ಹಾಗೇ ಕೂತಿದೆ. ಹೊಸ ರೂಟರ್ ಆಡುವುದು ಬೇರೆ ಲೆಕ್ಕ. ಫೋನ್‌ನಲ್ಲಿ ವೈಫೈ ವಿವರ ತೆರೆದರೆ 192.168 ಅಂತ ಶುರುವಾಗುವ ನಂಬರ್ ಕಾಣಬಹುದು. ಮಾಟುಂಗಾದ ಮನೆ ಖಾಲಿ ಮಾಡಿ ಡೊಂಬಿವಲಿಗೆ ಬಂದ ಮೇಲೂ ಹಳೇ ಪಿನ್‌ಕೋಡ್ ಬರೆದ ಹಾಗೆ ಆಗಿದೆ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ ಡಾಟ್ ಸಿಪಿಎಲ್ ಅಂತ ಹೊಡೆಯಿರಿ. ಈಥರ್ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರಲ್ಲಿ ಇಂಟರ್ನೆಟ್ ಪ್ರೊಟೊಕಾಲ್ ವರ್ಷನ್ 4. ಅಲ್ಲಿರುವ ನಂಬರ್‌ಗಳ ಒಂದು ಫೋಟೋ ಹೊಡೆದಿಟ್ಟುಕೊಂಡು, ಮೇಲೆ ಕೆಳಗೆ ಎರಡೂ ಕಡೆ "ಆಟೊಮ್ಯಾಟಿಕಲಿ" ಅನ್ನೋದನ್ನ ಆಯ್ಕೆ ಮಾಡಿ. ಕೆಳಗಿನದು ಡಿಎನ್‌ಎಸ್, ಸೈಟ್ ಹೆಸರು ಕೊಟ್ಟರೆ ಅದರ ನಂಬರ್ ಹುಡುಕಿಕೊಡುವುದು. ಜನ ಮೇಲಿನದನ್ನ ಮಾತ್ರ ಬದಲಾಯಿಸಿ ಕೆಳಗಿನದನ್ನ ಮರೆಯುತ್ತಾರೆ, ಆಮೇಲೆ ಪಿಂಗ್ ಹೋಗುತ್ತದೆ, ಸೈಟ್ ತೆರೆಯಲ್ಲ ಅಂತ ಮತ್ತೆ ಬರುತ್ತಾರೆ.

ಡೊಂಬಿವಲಿ_ಈಸ್ಟ್ · 9:35

ಮಾಡಿದೆ. ಈಗ ಐಪಿ 169.254.88.12 ಅಂತ ಬಂದಿದೆ, ಗೇಟ್‌ವೇ ಖಾಲಿ. ನೆಟ್ ಇಲ್ಲ. ಇದು ಮುಂದೆ ಹೋದ ಹಾಗಾ, ಹಿಂದೆ ಬಂದ ಹಾಗಾ?

ವಾಸ್ಕೋ_ಬಂದರು · 9:50

ಮುಂದೇ ಹೋಗೀರಿ, ಚಿಂತಿ ಮಾಡಬ್ಯಾಡ್ರಿ. 169.254 ಅಂದ್ರೆ ವಿಂಡೋಸ್ ತಾನೇ ಹಾಕಿಕೊಂಡ ನಂಬರ್. ಮದುವೆ ಮನೆಗೆ ಹೋದಾಗ ಬನ್ನಿ, ಕೂಡ್ರಿ ಅನ್ನೋರು ಯಾರೂ ಸಿಗದಿದ್ರೆ ನಾವೇ ಒಂದು ಕುರ್ಚಿ ಎಳೆದುಕೊಂಡು ಮೂಲೆಯಲ್ಲಿ ಕೂಡ್ತೀವಲ್ಲ, ಹಂಗ. ರೂಟರ್ ನಂಬರ್ ಕೊಡಬೇಕಿತ್ತು, ಕೊಟ್ಟಿಲ್ಲ. ಕೊಟ್ಟಿಲ್ಲ ಅಂದ್ರ ಇದರ ಕೂಗು ರೂಟರ್‌ಗೆ ಮುಟ್ಟಿಲ್ಲ.

ನನ್ನ ಅನುಮಾನ ಸಿಡಿಲಿನ ಮೇಲೆ. ಇಲ್ಲಿ ಗೋವಾದಾಗ ಮಳೆಗಾಲ ಶುರುವಾಗೋ ಹೊತ್ತಿಗೆ ಗುಡುಗು ಸಿಡಿಲು ಜಾಸ್ತಿ. ಟೆರೇಸ್‌ನಿಂದ ತಾಮ್ರದ ತಾರು ಇಳಿದ ಮನೆಗಳೊಳಗ ಕಂಪ್ಯೂಟರ್‌ನ ಲ್ಯಾನ್ ಪೋರ್ಟ್ (ನೆಟ್ ತಾರು ಸಿಕ್ಕಿಸೋ ಜಾಗ) ಸುಡೋದು ನಾನೇ ನೋಡೀನಿ. ಕಂಪ್ಯೂಟರ್ ಎಲ್ಲಾ ಸರಿ, ಪೋರ್ಟ್ ಮಾತ್ರ ಸತ್ತಿರತದ. ಫೈಬರ್ ಗಾಜಿನ ಎಳೆ, ಅದರೊಳಗ ಕರೆಂಟ್ ಹರಿಯಂಗಿಲ್ಲ, ಆ ಮಟ್ಟಿಗೆ ಛಲೋ.

ಫೋನ್‌ನ ಚಾರ್ಜಿಂಗ್ ತಾರು ಕಂಪ್ಯೂಟರ್‌ಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ (ಫೋನ್‌ನ ನೆಟ್ ಕಂಪ್ಯೂಟರ್‌ಗೆ ಕೊಡೂದು) ಆನ್ ಮಾಡಿ ನೋಡ್ರಿ. ನೆಟ್ ಬಂತು ಅಂದ್ರ ವಿಂಡೋಸ್ ಸರಿ ಐತಿ, ಫಾರ್ಮ್ಯಾಟ್ ಮಾತು ಅಲ್ಲಿಗೆ ಮುಗೀತು.

ಡೊಂಬಿವಲಿ_ಈಸ್ಟ್ · 10:20

ಟೆದರಿಂಗ್‌ನಲ್ಲಿ ನೆಟ್ ಬಂತು ಸರ್! ಅಪ್ಪ ತಕ್ಷಣ ಮೇಲ್ ಕಳಿಸೋಣ ಅಂದರು, ಅಷ್ಟರಲ್ಲಿ ನನಗೆ ಫೋನ್ ಬಂತು, ತಾರು ಕಿತ್ತುಕೊಂಡು ಹೋದೆ. ಬೈಸಿಕೊಂಡೆ. ಅಂದ್ರೆ ಕಂಪ್ಯೂಟರ್ ಸರಿ ಇದೆ, ಪೋರ್ಟ್ ಸುಟ್ಟಿದೆ, ಅಲ್ವಾ? ಹಾಗಾದ್ರೆ ಲೈಟು ಯಾಕೆ ಉರಿಯುತ್ತದೆ?

ಗ್ರಾಂಟ್‌ರೋಡ್_ರಿಪೇರಿ · 10:45

ಅದೇ ಪ್ರಶ್ನೆ ನನ್ನ ತಲೆಯಲ್ಲೂ ಕೂತಿತ್ತು. ಪೂರ್ತಿ ಸತ್ತ ಪೋರ್ಟ್‌ನಲ್ಲಿ ಲೈಟು ಬರೋದು ಅಪರೂಪ. ಲೈಟು ಬಂದಿದೆ ಅಂದ್ರೆ ಆ ತಾರಿನ ಇನ್ನೊಂದು ತುದಿಯಲ್ಲಿ ಯಾವುದೋ ಜೀವಂತ ಡಬ್ಬ ಇದೆ. ಆದ್ರೆ ಅದು *ನಿಮ್ಮ* ರೂಟರ್ ಅಂತ ಲೈಟು ಹೇಳುವುದಿಲ್ಲ.

ಈಗ ಹೀಗೆ ಮಾಡಿ. ರೂಟರ್‌ಗೆ ಎಷ್ಟು ತಾರು ಸಿಕ್ಕಿಸಿದ್ದಾರೆ, ಬಣ್ಣ ಹೇಳಿ. ಆಮೇಲೆ ಅಪ್ಪನನ್ನ ಕಂಪ್ಯೂಟರ್ ಹಿಂದೆ ಲೈಟು ನೋಡಿಕೊಂಡು ನಿಲ್ಲಲು ಹೇಳಿ. ನೀವು ಹಾಲ್‌ನಲ್ಲಿ ರೂಟರ್‌ನ ತಾರು ಎಳೆಯಿರಿ. ಫೈಬರ್ ಮುಟ್ಟಬೇಡಿ, ಬರೀ ಲ್ಯಾನ್ ತಾರು. ಲೈಟು ಆರಿತೋ ಇಲ್ಲವೋ ಕೂಗಿ ಹೇಳಲಿ.

ಡೊಂಬಿವಲಿ_ಈಸ್ಟ್ · 11:10

ಸರ್, ಏನು ಹೇಳಲಿ.

ರೂಟರ್‌ಗೆ ಎರಡೇ ತಾರು. ಒಂದು ಹಸಿರು ತುದಿಯ ಸಣ್ಣ ಹಳದಿ ತಾರು, ಅದು ಫೈಬರ್. ಇನ್ನೊಂದು ನೀಲಿ ತಾರು, ಗೋಡೆಯ ತೂತಿಗೆ ಹೋಗಿದೆ. ಇಷ್ಟು ದಿನ ಆ ನೀಲಿಯೇ ಕಂಪ್ಯೂಟರ್‌ಗೆ ಹೋಗಿದೆ ಅಂದುಕೊಂಡಿದ್ದೆ. ಅಪ್ಪ ಒಳಗೆ ಟಾರ್ಚ್ ಹಿಡಿದು ಬಗ್ಗಿ ನಿಂತರು. ನಾನು ನೀಲಿ ತಾರು ಎಳೆದೆ. "ಆರಿತಾ?" ಅಂದೆ. "ಇಲ್ಲ, ಉರೀತಿದೆ" ಅಂದರು. ಅಡುಗೆಮನೆಯಿಂದ ಅಮ್ಮ, "ಧಾರಾವಾಹಿ ನಿಂತ್ಹೋಯ್ತಲ್ಲೋ!"

ನೀಲಿ ತಾರು ಟಿವಿಗೆ ಹೋಗಿದೆ.

ಆಮೇಲೆ ರೂಟರನ್ನೇ ಪೂರ್ತಿ ಆರಿಸಿದೆ. ಕಂಪ್ಯೂಟರ್ ಹಿಂದಿನ ಲೈಟು ಆಗಲೂ ಉರಿಯುತ್ತಿತ್ತು. ಅಲ್ಲಿರುವುದು ಬೂದು ಬಣ್ಣದ ತಾರು, ಕಿಟಕಿಯಿಂದ ಹೊರಗೆ ಡಕ್ಟ್‌ಗೆ ಹೋಗಿದೆ.

ಮಾಟುಂಗಾ_ಕಾಫಿ · 11:14

ಅಂದ್ರೆ ಹೋದ ಕೇಬಲ್‌ವಾಲಾನ ಡಬ್ಬ ಟೆರೇಸ್ ಮೇಲೆ ಇನ್ನೂ ಉರೀತಿದೆಯಾ?? ಕರೆಂಟ್ ಯಾರದ್ದು?

ಗ್ರಾಂಟ್‌ರೋಡ್_ರಿಪೇರಿ · 11:30

ಸಿಕ್ಕಿತು. ನಿಮ್ಮ ಕಂಪ್ಯೂಟರ್ ಇವತ್ತಿನವರೆಗೂ ಹಳೇ ಕೇಬಲ್‌ವಾಲಾನ ಸ್ವಿಚ್ ಡಬ್ಬಕ್ಕೇ, ಅಂದ್ರೆ ಮನೆ ಮನೆಯ ನೆಟ್ ತಾರು ಒಟ್ಟು ಸೇರುವ ಡಬ್ಬಕ್ಕೇ ಸೇರಿಕೊಂಡಿದೆ. ಅವನು ಮುಂದಿನ ತಾರು ಕತ್ತರಿಸಿಕೊಂಡು ಹೋಗಿದ್ದಾನೆ, ಡಬ್ಬದ ಪ್ಲಗ್ ಕಿತ್ತಿಲ್ಲ. ಕಿತ್ತಳೆ ಲೈಟು ಮಿನುಗಿದ್ದು ಬಿಲ್ಡಿಂಗ್‌ನಲ್ಲಿ ನಿಮ್ಮ ಹಾಗೇ ಹಳೇ ತಾರಿಗೆ ಸಿಕ್ಕಿಕೊಂಡ ಬೇರೆ ಮನೆಯ ಕಂಪ್ಯೂಟರ್‌ಗಳ ಕೂಗಿಗೆ ಇರಬೇಕು. ಎಲ್ಲರೂ ಒಬ್ಬರನ್ನೊಬ್ಬರು ಕೂಗುತ್ತಿದ್ದಾರೆ, ಹೊರಗೆ ಹೋಗುವ ಬಾಗಿಲೇ ಇಲ್ಲ. ಹೊಸಬರಿಗೆ ಕೋಣೆಯಲ್ಲಿ ಕಂಪ್ಯೂಟರ್ ಇದೆ ಅಂತ ಯಾರೂ ಹೇಳಿರಲಿಕ್ಕಿಲ್ಲ, ಅವರು ಕಣ್ಣೆದುರಿನ ಟಿವಿಗೆ ತಾರು ಕೊಟ್ಟು ನಡೆದರು.

ತಾರು ತರುವ ಮೊದಲು ಒಂದು ಖಚಿತ ಮಾಡಿಕೊಳ್ಳಿ. ಸಿಪಿಯು ಡಬ್ಬವನ್ನ ಹಾಲ್‌ಗೆ ಎತ್ತಿಕೊಂಡು ಬಂದು, ಟಿವಿಯ ನೀಲಿ ತಾರನ್ನ ಸ್ವಲ್ಪ ಹೊತ್ತು ಅದಕ್ಕೆ ಕೊಡಿ. ಅಮ್ಮನ ಧಾರಾವಾಹಿ ಮುಗಿದ ಮೇಲೆ.

ಡೊಂಬಿವಲಿ_ಈಸ್ಟ್ · ಮಧ್ಯಾಹ್ನ 2:40

ಹಾಲ್‌ಗೆ ತಂದು ಸಿಕ್ಕಿಸಿದೆ. ಐಪಿ 192.168.1.7 ಬಂತು! ಪಿಂಗ್ 8.8.8.8 ಹೊಡೆದರೆ ನಿಜವಾದ ರಿಪ್ಲೈ, 4 ಮಿಲಿಸೆಕೆಂಡ್. ಖುಷಿಯಿಂದ ಬ್ರೌಸರ್ ತೆರೆದೆ. ಯಾವ ಸೈಟ್‌ಗೆ ಹೋದರೂ ಕೆಂಪು ಗುರುತು, ಒಳಗೇ ಬಿಡುತ್ತಿಲ್ಲ. ಮೇಲ್ ಕೂಡ ಇಲ್ಲ. ಬೆಳಿಗ್ಗೆ ಟೆದರಿಂಗ್‌ನಲ್ಲಿ ಇದೇ ಬ್ರೌಸರ್ ಚೆನ್ನಾಗಿತ್ತು! ಹೊಸ ರೂಟರ್‌ನಲ್ಲಿ ವೈರಸ್ ಇದೆಯಾ?

ಮೀರಾರೋಡ್_ಶೆಟ್ರು · 2:44

ನಾನು ನಿನ್ನೆಯೇ ಹೇಳಿದ್ದೆ ಫಾರ್ಮ್ಯಾಟ್ ಅಂತ. ಒಂದು ಗಂಟೆಯಲ್ಲಿ ಮುಗೀತಿತ್ತು.

ಪುಣೆ_ಅಕ್ಕ · 2:52

ತಡೀರಿ ಶೆಟ್ರೇ. ಆ ಕೆಂಪು ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಏನು ಬರೆದಿದೆ, ಅದನ್ನ ಓದಿ ಹೇಳಿ. ಎಲ್ಲರೂ ಬಣ್ಣ ನೋಡಿ ಹೆದರ್ತಾರೆ, ಓದೋರೇ ಇಲ್ಲ.

ಡೊಂಬಿವಲಿ_ಈಸ್ಟ್ · 2:58

"ಯುವರ್ ಕ್ಲಾಕ್ ಈಸ್ ಬಿಹೈಂಡ್."

ಕೆಳಗೆ ಮೂಲೆಯಲ್ಲಿ ನೋಡಿದರೆ 1 ಜನವರಿ 2012. ಬೆಳಿಗ್ಗೆ ಸರಿಯಾಗಿತ್ತು, ನಾನೇ ನೋಡಿದ್ದೇನೆ.

ಗ್ರಾಂಟ್‌ರೋಡ್_ರಿಪೇರಿ · 3:20

ಇದಕ್ಕೆ ನಾನೇ ಕಾರಣ, ಎತ್ತಿಕೊಂಡು ಬನ್ನಿ ಅಂದವನು ನಾನೇ ಅಲ್ವಾ.

ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದ ಹಾಗೆ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032, 3 ವೋಲ್ಟಿನದು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ನಿಮ್ಮದು ಎಂದೋ ಸತ್ತಿದೆ. ಅಪ್ಪನ ಕಂಪ್ಯೂಟರ್ ಯುಪಿಎಸ್ ಮೇಲೆ ಇತ್ತಾ? ಹಾಗಿದ್ದರೆ ಅದರ ಪ್ಲಗ್ ಎಂದೂ ಕರೆಂಟ್ ಬಿಟ್ಟಿರಲಿಲ್ಲ, ಗಡಿಯಾರ ಆ ಕರೆಂಟಿನ ಮೇಲೇ ನಡೆಯುತ್ತಿತ್ತು. ಹಾಲ್‌ಗೆ ತರಲು ಪ್ಲಗ್ ಕಿತ್ತ ಕ್ಷಣ ಗಡಿಯಾರ ನಿಂತಿತು, ಮತ್ತೆ ಹಾಕಿದಾಗ ಬೋರ್ಡ್‌ನಲ್ಲಿ ಮೊದಲೇ ತುಂಬಿಟ್ಟ ತಾರೀಖಿನಿಂದ ಶುರುವಾಯ್ತು.

ಸೈಟ್‌ಗಳಿಗೆ ಇದರಿಂದ ಏನು ಅಂತ ಕೇಳಬಹುದು. ಪ್ರತಿ ಸೈಟೂ ತಾನು ಅಸಲಿ ಅಂತ ತೋರಿಸಲು ಒಂದು ಸರ್ಟಿಫಿಕೇಟ್ ಕೊಡುತ್ತದೆ, ಅದರ ಮೇಲೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಇರುತ್ತದೆ. ನಿಮ್ಮ ಕಂಪ್ಯೂಟರ್ 2012ರಲ್ಲಿ ಕೂತು ನೋಡಿದರೆ ಅವೆಲ್ಲ ಇನ್ನೂ ಹುಟ್ಟಿಯೇ ಇಲ್ಲ. ಲೋಕಲ್ ಟ್ರೇನಿನ ಪಾಸ್ ನಾಳೆಯಿಂದ ಶುರು ಅಂತಿದ್ದರೆ ಟಿಸಿ ಇವತ್ತು ಬಿಡ್ತಾನಾ?

ಸದ್ಯಕ್ಕೆ ತಾರೀಖು, ಸಮಯ ಕೈಯಿಂದಲೇ ಹಾಕಿ. ವಿಂಡೋಸ್ ನೆಟ್‌ನಿಂದ ಸಮಯ ತೆಗೆದುಕೊಳ್ಳುತ್ತದೆ ನಿಜ, ಆದ್ರೆ ವ್ಯತ್ಯಾಸ ಇಷ್ಟು ದೊಡ್ಡದಿದ್ದರೆ ತಾನಾಗಿ ಸರಿ ಮಾಡುವ ಗೋಜಿಗೆ ಹೋಗುವುದಿಲ್ಲ. ಟೈಮ್‌ಜೋನ್ ಭಾರತದ್ದೇ ಇದೆಯಾ ಅಂತಲೂ ನೋಡಿಕೊಳ್ಳಿ. ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಹಾಕುವಾಗ ಪ್ಲಗ್ ಕಿತ್ತಿರಬೇಕು, ಪ್ಲಸ್ ಗುರುತು ಮೇಲೆ ಬರಬೇಕು, ಪಕ್ಕದ ಸಣ್ಣ ಕೊಂಡಿಯನ್ನ ಉಗುರಿನಿಂದ ಸರಿಸಿದರೆ ಹಳೆಯದು ತಾನೇ ಎದ್ದು ಬರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ.

ಡೊಂಬಿವಲಿ_ಈಸ್ಟ್ · 3:41

ಬಂತು ಬಂತು ಬಂತು! ಎಲ್ಲಾ ಸೈಟೂ ತೆರೆಯುತ್ತಿವೆ. ಯುಪಿಎಸ್ ಇರುವುದು ನಿಜ ಸರ್.

ಈಗ ಕೋಣೆಗೆ ತಾರು ಹೇಗೆ ಎಳೆಯಲಿ? ಯುಎಸ್‌ಬಿ ವೈಫೈ ಡಾಂಗಲ್ ಹಾಕಿದರೆ ಸಾಕಾ?

ವಾಸ್ಕೋ_ಬಂದರು · 4:00

ಡಾಂಗಲ್ ನಡೀತದ. ಆದ್ರ ನಡುವೆ ಎಷ್ಟು ಗೋಡೆ ಅವ? 5 ಗಿಗಾಹರ್ಟ್ಸ್ ವೈಫೈ ಗೋಡೆ ದಾಟೂದ್ರಾಗ ಸೋಲತದ, 2.4 ದಾಟತದ ಆದ್ರ ನಿಮ್ಮ ಮುಂಬೈ ಬಿಲ್ಡಿಂಗ್‌ನಾಗ ಮನಿಗೊಂದು ರೂಟರ್, ಗದ್ದಲ ಭಾಳ.

ಗ್ರಾಂಟ್‌ರೋಡ್_ರಿಪೇರಿ · 4:25

ಆ ಬೂದು ತಾರು ಡಕ್ಟ್‌ನಲ್ಲಿ ಇಳಿಯುವಾಗ ಹಾಲ್ ಕಿಟಕಿ ಪಕ್ಕ ಹಾದು ಬರುತ್ತದಾ ನೋಡಿ. ಬರುವುದಾದರೆ ಹೊಸ ತಾರೇ ಬೇಡ. ಅಲ್ಲೇ ಕತ್ತರಿಸಿ, ಕೋಣೆ ಕಡೆಯ ತುಂಡನ್ನ ಹಾಲ್ ಒಳಗೆ ಎಳೆದು, ಹೊಸ ಕನೆಕ್ಟರ್ ಹಾಕಿಸಿ ರೂಟರ್‌ಗೆ ಕೊಡಿ. ಬಣ್ಣದ ಕ್ರಮ ಸಾಮಾನ್ಯವಾಗಿ ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಆದ್ರೆ ಕಂಪ್ಯೂಟರ್ ಕಡೆಯ ತುದಿಯಲ್ಲಿ ಹೇಗಿದೆ ನೋಡಿ ಹಾಗೇ ಹಾಕಿಸಿ. ಹಳಬರು ಕೆಲವರು ನಾಲ್ಕೇ ಎಳೆ ಕಟ್ಟುತ್ತಿದ್ದರು, 100 ಎಂಬಿಪಿಎಸ್‌ಗೆ 1, 2, 3, 6ನೇ ಎಳೆ ಇದ್ದರೆ ಸಾಕು. ಗಿಗಾಬಿಟ್ ಬೇಕಾದ್ರೆ ಎಂಟೂ ಬೇಕು. ಅಪ್ಪನ ಮೇಲ್‌ಗೆ ನಾಲ್ಕೇ ಧಾರಾಳ.

ಮಾಟುಂಗಾ_ಕಾಫಿ · 4:31

ಆ ತಾರು ಕೇಬಲ್‌ವಾಲಾನದ್ದು ಅಲ್ವಾ, ಕತ್ತರಿಸಬಹುದಾ?

ಡೊಂಬಿವಲಿ_ಈಸ್ಟ್ · 4:38

ಅಪ್ಪ ಫೈಲ್ ತೆಗೆದು ತೋರಿಸಿದರು. ಅವತ್ತು ತಾರಿಗೆ ಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟ ರಸೀದಿ ಇಟ್ಟಿದ್ದಾರೆ. ನಮ್ಮದೇ.

ಡೊಂಬಿವಲಿ_ಈಸ್ಟ್ · ಭಾನುವಾರ ರಾತ್ರಿ 9:05

ಕೆಲಸ ಮುಗೀತು. ಸ್ಟೇಷನ್ ಹತ್ತಿರದ ಅಂಗಡಿಯ ಹುಡುಗ ಬಂದು ಕನೆಕ್ಟರ್ ಹಾಕಿಕೊಟ್ಟ. ಬೂದು ತಾರು ಕತ್ತರಿಸಿದಾಗ ಲೈಟು ಆರಿತು, ರೂಟರ್‌ಗೆ ಕೊಟ್ಟಾಗ ಮತ್ತೆ ಹತ್ತಿತು, ಈ ಸಲ ನಮ್ಮದೇ ಲೈಟು. ಬ್ಯಾಟರಿ ಬದಲಾಯಿಸಿದೆ, ಪ್ಲಗ್ ಹತ್ತು ನಿಮಿಷ ಕಿತ್ತಿಟ್ಟು ನೋಡಿದೆ, ತಾರೀಖು ಸರಿ ಇದೆ.

ಸೆಕ್ರೆಟರಿ ಜೊತೆ ಟೆರೇಸ್‌ಗೂ ಹೋಗಿ ಬಂದೆ. ನೀರಿನ ಟ್ಯಾಂಕ್ ಹಿಂದೆ ಕಬ್ಬಿಣದ ಡಬ್ಬ, ಒಳಗೆ ಫ್ಯಾನ್ ಗಿರ್ರ್ ಅಂತ ತಿರುಗುತ್ತಿದೆ, ಪಾರಿವಾಳ ಅದರ ಮೇಲೆ ಗೂಡು ಕಟ್ಟಿದೆ. ಪ್ಲಗ್ ಲಿಫ್ಟ್ ರೂಮಿನ ಬೋರ್ಡ್‌ನಲ್ಲಿ. ಅಂದ್ರೆ ಸೊಸೈಟಿಯ ಕಾಮನ್ ಮೀಟರ್. ಸೆಕ್ರೆಟರಿಯ ಮುಖ ನೋಡಬೇಕಿತ್ತು. ಪ್ಲಗ್ ಕಿತ್ತೆವು, ಡಬ್ಬ ಪಾರಿವಾಳಕ್ಕೆ ಬಿಟ್ಟೆವು.

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಅಪ್ಪ ಲೇಖನ ಮೇಲ್‌ನಲ್ಲಿ ಅಂಟಿಸಿ ಕಳಿಸಿಬಿಟ್ಟರು, ಒಂದು ದಿನ ಮೊದಲೇ.

ಮೀರಾರೋಡ್_ಶೆಟ್ರು · 9:20

ಒಳ್ಳೇದಾಯ್ತು ಮಾರಾಯ್ರೇ. ಆದ್ರೆ ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಗೊತ್ತುಂಟಲ್ಲ? ಒಂದು ದಿನ ಫಾರ್ಮ್ಯಾಟ್ ಆಗಲೇಬೇಕು.

ಗ್ರಾಂಟ್‌ರೋಡ್_ರಿಪೇರಿ · 9:26

ಶೆಟ್ರೇ, ಈ ಮಾತು ಒಪ್ಪಿದೆ. ಲೇಖನ ಅಚ್ಚಾಗಲಿ, ಆಮೇಲೆ.

ಡೊಂಬಿವಲಿ_ಈಸ್ಟ್ · ಸೋಮವಾರ ಬೆಳಿಗ್ಗೆ 7:50

ಸಂಪಾದಕರಿಂದ ಉತ್ತರ ಬಂದಿದೆ: "ಸರ್, ನಿಮ್ಮ ಮೇಲ್ ಸಿಕ್ಕಿತು. ಪೂರ್ತಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಡಾಲರ್ ಗುರುತು ಕಾಣುತ್ತಿದೆ. ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ."

ಅಪ್ಪ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ. ಹದಿನಾಲ್ಕು ಪುಟ.

ಪುಣೆ_ಅಕ್ಕ · 7:58

ಕನ್ವರ್ಟರ್ ಇದೆ, ಗಾಬರಿ ಬೇಡ. ಫೈಲ್‌ನ ಒಂದು ಪ್ಯಾರಾ ಇಲ್ಲಿ ಹಾಕಿ. ಅಪ್ಪನಿಗೆ ಕಾಫಿ ಕೊಟ್ಟು ಕೂರಿಸಿ.